ಕರೆಂಟಕ್ಕ ಬೀಳಲು ಕಲಿತದ್ದು

ಅಪ್ಪ ಅಮ್ಮ ಇಟ್ಟ ಹೆಸರು ಆ ಬೀದಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹದಿನೇಳು ವರ್ಷಗಳಿಂದ ಅವಳು ಎಲ್ಲರ ಬಾಯಲ್ಲೂ ಕರೆಂಟಕ್ಕ. ತಿಂಗಳ ಮೊದಲ ವಾರ ಹೆಗಲಿಗೆ ಬ್ಯಾಗು ನೇತುಹಾಕಿ, ಒಂದು ಕೈಯಲ್ಲಿ ಬಿಲ್ಲು ಹೊಡೆಯುವ ಪುಟ್ಟ ಮಷೀನು, ಇನ್ನೊಂದರಲ್ಲಿ ಟಾರ್ಚು ಹಿಡಿದು, ಗೇಟು ಗಲಗಲ ಅಲ್ಲಾಡಿಸಿ "ಮೀಟರ್!" ಎಂದು ಕೂಗುವಳು. ಆ ಕೂಗಿಗೆ ಮಲಗಿದ್ದ ನಾಯಿಯೂ ಎದ್ದು ದಾರಿ ಬಿಡುತ್ತಿತ್ತು. ಮನೆಗಳನ್ನು ಅವಳು ನೆನಪಿಟ್ಟುಕೊಂಡದ್ದು ಮೀಟರಿನ ಲೆಕ್ಕದಲ್ಲೇ. ಚಪ್ಪಲಿ ಗೂಡಿನ ಹಿಂದೆ ಮೀಟರ್ ಇರುವ ಮನೆ, ಒದ್ದೆ ಟವೆಲ್ ಸರಿಸಿ ನೋಡಬೇಕಾದ ಮನೆ, ಸ್ಟೂಲು ಕೊಡದೆ "ನಿಲುಕಲ್ವಾ?" ಎಂದು ಕೇಳುವ ಮನೆ. ನಲವತ್ತಾರು ವಯಸ್ಸು, ಗಿಡ್ಡ ಆಳು, ಬಾಯಿ ಮಾತ್ರ ಜೋರು. ಬಿಲ್ಲು ಜಾಸ್ತಿ ಬಂತೆಂದು ಯಾರಾದರೂ ಅವಳ ಮೇಲೆ ಹರಿಹಾಯ್ದರೆ, "ನಾನು ಬರೆಯೋಳು ಸ್ವಾಮಿ, ಉರಿಸೋರು ನೀವು" ಎಂದು ಚೀಟಿ ಹರಿದು ಕೈಗಿತ್ತು ಮುಂದಿನ ಮನೆಗೆ ನಡೆಯುವಳು.

ಅಂಥ ಬಾಯಿ ಒಂದು ದಿನ ಕಟ್ಟಿಹೋಯಿತು. ಅದೇ ಅವಳಿಗೆ ಸಹಿಸಲಾಗದ ಸಂಗತಿ.

ಹಸಿರು ಗೇಟಿನ ಮೂಲೆ ಮನೆ ನಿವೃತ್ತ ಅಧಿಕಾರಿಯೊಬ್ಬರದು. ಬೀದಿಯವರೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದರು. ಅರ್ಜಿ ಬರೆಸಲು, ಸಹಿ ಹಾಕಿಸಲು, ಜಗಳ ಬಿಡಿಸಲು ಅವರೇ ಬೇಕು. ಆ ಮನೆಯ ಮೀಟರ್ ಒಳಗಡೆ, ಮೆಟ್ಟಿಲಿನ ಕೆಳಗಿನ ಕತ್ತಲೆ ಸಂದಿಯಲ್ಲಿತ್ತು. ಮೊದಲೆಲ್ಲ ಸಾಹೇಬರ ಹೆಂಡತಿ ಬಾಗಿಲು ತೆರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಸಾಹೇಬರೇ ತೆರೆಯತೊಡಗಿದರು. ಅವತ್ತು ಬೆಳಿಗ್ಗೆ ಹನ್ನೊಂದು ಗಂಟೆ ಇರಬೇಕು. ಕರೆಂಟಕ್ಕ ಬಗ್ಗಿ ಟಾರ್ಚು ಹಾಕಿ ಅಂಕಿ ನೋಡುತ್ತಿರುವಾಗ ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ತಿರುಗುವಷ್ಟರಲ್ಲಿ ಅವಳ ಮಣಿಕಟ್ಟು ಸಾಹೇಬರ ಕೈಯಲ್ಲಿತ್ತು.

"ಇಷ್ಟು ವರ್ಷದಿಂದ ಬರ್ತಿದ್ದೀಯ. ಒಂದು ಲೋಟ ನೀರೂ ಕುಡಿದಿಲ್ಲ ನಮ್ಮನೇಲಿ. ಕೂತ್ಕೋ ಬಾ."

"ಬಿಡಿ ಸಾರ್."

ಅವರು ಬಿಡಲಿಲ್ಲ, ನಕ್ಕರು. ಅವಳು ಮತ್ತೆ "ಬಿಡಿ" ಎಂದಳು, ಈ ಸಲ ದನಿ ಗಂಟಲಿನಿಂದ ಹೊರಗೆ ಬಂತೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. ಅವರ ಇನ್ನೊಂದು ಕೈ ಅವಳ ಸೊಂಟಕ್ಕೆ ಬಂತು. ಕಾಲು ನೆಲಕ್ಕೆ ಅಂಟಿಹೋಗಿತ್ತು. ಅಷ್ಟರಲ್ಲಿ ಯಾರೋ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬಂದು ಕರೆಗಂಟೆ ಒತ್ತಿದರು. ಸಾಹೇಬರು ಕೈ ತೆಗೆದು, ಅಂಗಿ ನೇರ ಮಾಡಿಕೊಂಡು, ಏನೂ ನಡೆದೇ ಇಲ್ಲವೆನ್ನುವಂತೆ ಹೋಗಿ ಬಾಗಿಲು ತೆರೆದರು. ಕರೆಂಟಕ್ಕ ಚೀಟಿ ಹರಿದು ಮೇಜಿನ ಮೇಲಿಟ್ಟಳು. ಹೊರಗೆ ಬರುತ್ತ, ತನ್ನ ಬಾಯಿಂದಲೇ, "ಬರ್ತೀನಿ ಸಾರ್" ಎಂದಳು.

ಆ ಎರಡು ಮಾತು ಅವಳನ್ನು ಸುಟ್ಟಷ್ಟು ಆ ಮನುಷ್ಯನ ಕೈಯೂ ಸುಡಲಿಲ್ಲ. ಬರ್ತೀನಿ ಸಾರ್! ಮೂರು ದಿನ ಪಾತ್ರೆ ತಿಕ್ಕುವಾಗ, ಬಟ್ಟೆ ಹಿಂಡುವಾಗ ಅದೇ ಕಿವಿಯಲ್ಲಿ ಗುಂಯ್ಗುಟ್ಟಿತು. ಹಿಂಡಿದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡಿದಳು.

ಮೊದಲು ಆಫೀಸಿನ ಸೂಪರ್‌ವೈಸರಿಗೆ ಹೇಳಿದಳು. ಆತ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೇಳಿಸಿಕೊಂಡ. "ಅವರು ದೊಡ್ಡ ಮನುಷ್ಯರಮ್ಮ. ಸಾಕ್ಷಿ ಇಲ್ಲ, ಏನಿಲ್ಲ. ದೊಡ್ಡದು ಮಾಡಿದ್ರೆ ನಿಮ್ಮ ಹೆಸರೇ ಕೆಡೋದು. ಏನೂ ಆಗ್ಲಿಲ್ವಲ್ಲ, ಬಿಡಿ. ನಿಮ್ಮ ಏರಿಯಾ ಬದಲಾಯಿಸ್ತೀನಿ."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಮುಖ ಸಣ್ಣದು ಮಾಡಿಕೊಂಡು ಅವಳ ಪಕ್ಕ ಕೂತ. ಸಮಾಧಾನ ಮಾಡಲೆಂದೇ, "ಸದ್ಯ, ಏನೂ ಆಗ್ಲಿಲ್ವಲ್ಲ" ಎಂದ. ಫೋನಿನಲ್ಲಿ ಅವಳ ಅಕ್ಕನೂ ಅದನ್ನೇ ಅಂದಳು, ಜೊತೆಗೆ ದೇವರು ದೊಡ್ಡವನು ಎಂದು ಸೇರಿಸಿದಳು.

"ಆಗಿದೆ ಕಣೇ!" ಎಂದು ಕರೆಂಟಕ್ಕ ಕಿರುಚಿದಳು. "ಆಗಿರೋದಕ್ಕೇ ತಾನೇ ನಿನಗೆ ಹೇಳ್ತಿರೋದು!" ಫೋನು ಇಟ್ಟಳು. ಒಂದು ವಾರ ಅಕ್ಕನ ಫೋನು ಎತ್ತಲಿಲ್ಲ.

ಹೊಸ ಏರಿಯಾದಲ್ಲಿ ಹಳೇ ಮುದ್ರಣಾಲಯವೊಂದಿತ್ತು. ಅದರ ಮೀಟರ್ ಓದುತ್ತಿದ್ದಾಗ ತಲೆಯ ಮೇಲೆ ಧಡ್, ಧಡ್ ಎಂದು ಸದ್ದು. ಚಾವಣಿಯಿಂದ ಸುಣ್ಣದ ಪುಡಿ ಉದುರಿ ಅವಳ ಮಷೀನಿನ ಮೇಲೆ ಬಿತ್ತು.

"ಮೇಲೆ ಏನು, ಮೂಟೆ ಎಸೀತಾರಾ?"

"ಮೂಟೆ ಅಲ್ಲಕ್ಕ, ಮನುಷ್ಯರನ್ನ" ಎಂದ ಮುದ್ರಣಾಲಯದವನು. "ಜುಜುತ್ಸು ಅಂತೆ. ಮೈಮೇಲೆ ಬಿದ್ದೋರಿಂದ ಬಿಡಿಸ್ಕೊಳ್ಳೋದು ಕಲಿಸ್ತಾರೆ. ನನಗಂತೂ ಈ ಧಡ್ ಧಡ್‌ನಿಂದ ಯಾವಾಗ ಬಿಡುಗಡೆಯೋ."

ಅವಳು ಚೀಟಿ ಕೊಡುವುದನ್ನೂ ಮರೆತು ಮೆಟ್ಟಿಲು ಹತ್ತಿದಳು.

ಮೇಲೆ ಉದ್ದನೆಯ ಹಾಲು. ನೆಲಕ್ಕೆ ನೀಲಿ ಮ್ಯಾಟು, ಮೂಲೆಯಲ್ಲಿ ಬೆವರಿನ ಮತ್ತು ಕೆಳಗಿಂದ ಬರುವ ಶಾಯಿಯ ವಾಸನೆ. ಕಲಿಸುವವಳು ಐವತ್ತು ದಾಟಿದ ಹೆಂಗಸು. ಹಗಲು ಹಲ್ಲಿನ ಡಾಕ್ಟರರಿಗೆ ಕಟ್ಟಿಸುವ ಹಲ್ಲು ಮಾಡಿಕೊಡುವ ಕೆಲಸ, ಸಂಜೆ ಇದು. ಎಡ ಮಂಡಿಗೆ ಪಟ್ಟಿ ಬಿಗಿದುಕೊಂಡು ಕುಂಟುತ್ತಿದ್ದಳು. ಎಲ್ಲರೂ ಟೀಚರ್ ಎನ್ನುತ್ತಿದ್ದರು.

"ಯಾಕೆ ಕಲೀಬೇಕು ಅಂತಿದ್ದೀರ?" ಟೀಚರ್ ಕೇಳಿದಳು.

"ಒಬ್ಬನ ಕೈ ಮುರೀಬೇಕು."

ಟೀಚರ್ ನಗಲೂ ಇಲ್ಲ, ಬೆಚ್ಚಲೂ ಇಲ್ಲ. "ಅದು ಆಮೇಲೆ ನೋಡೋಣ. ಮೊದಲು ಬೀಳೋದು ಕಲೀರಿ. ಬುಧವಾರ ಆರು ಗಂಟೆಗೆ ಬನ್ನಿ."

ಗಂಡನಿಗೆ ಹೇಳಿದಾಗ ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಈ ವಯಸ್ಸಲ್ಲಿ ಸೊಂಟ ಉಳುಕಿದ್ರೆ?"

"ಉಳುಕಲಿ. ನನ್ನ ಸೊಂಟ."

ಬೀಳುವುದನ್ನೇ ಆರು ವಾರ ಕಲಿತಳು. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಒತ್ತಬೇಕು, ಬೆನ್ನು ಬಿಲ್ಲಿನಂತೆ ಬಾಗಬೇಕು, ಎರಡೂ ತೋಳು ಮ್ಯಾಟಿಗೆ ಫಟ್ಟನೆ ಹೊಡೆಯಬೇಕು. ಆಗ ಪೆಟ್ಟು ತಲೆಗೆ ಹೋಗುವುದಿಲ್ಲ. ಹೇಳುವುದು ಸುಲಭ. ಕರೆಂಟಕ್ಕ ಬಿದ್ದರೆ ಗೋಡೆಯ ಕ್ಯಾಲೆಂಡರು ಅಲುಗುತ್ತಿತ್ತು. ಬಿಳಿ ದಪ್ಪ ಬಟ್ಟೆಯ ಮೇಲಂಗಿ ಅವಳಿಗೆ ಮೊಣಕಾಲಿನವರೆಗೂ ಬರುತ್ತಿತ್ತು, ಕಟ್ಟಿದ ಬೆಲ್ಟು ಹತ್ತು ನಿಮಿಷಕ್ಕೊಮ್ಮೆ ಬಿಚ್ಚಿಹೋಗುತ್ತಿತ್ತು. ಮೈ ಪೂರ್ತಿ ನೀಲಿಗಟ್ಟಿತು. ಪ್ರತಿ ಸಲ ಬಿದ್ದಾಗಲೂ ಕೋಪ ಏರುತ್ತಿತ್ತು. ಬೀಳುವುದು ಕಲಿಯಬೇಕಾದದ್ದು ನಾನೋ ಅವನೋ? ಮೀಟರ್ ಓದಲು ಹೋದವಳು ಯಾಕೆ ಸಂಜೆ ಸಂಜೆ ಇಲ್ಲಿ ಬಂದು ಬೆನ್ನು ಮುರಿದುಕೊಳ್ಳಬೇಕು? ಅವನು ಮನೆಯಲ್ಲಿ ಆರಾಮಾಗಿ ಗಿಡಕ್ಕೆ ನೀರು ಹಾಕಿಕೊಂಡು ಇದ್ದಾನಲ್ಲ!

ಒಂದು ದಿನ ಅದನ್ನು ಬಾಯಿಬಿಟ್ಟು ಕೇಳಿಯೂಬಿಟ್ಟಳು. ಟೀಚರ್ ಮಂಡಿಯ ಪಟ್ಟಿ ಬಿಗಿದುಕೊಳ್ಳುತ್ತ, "ನ್ಯಾಯ ಅಲ್ಲ" ಎಂದಳು. "ನ್ಯಾಯ ಅಂತ ನಾನು ಹೇಳಿದ್ನಾ? ಇನ್ನೊಂದು ಸಲ ಬೀಳಿ."

ಏಳನೆಯ ವಾರ ಮಣಿಕಟ್ಟು ಬಿಡಿಸಿಕೊಳ್ಳುವ ಪಾಠ. ಎಳೆದಾಡಬಾರದು, ಶಕ್ತಿಗೆ ಶಕ್ತಿ ಕೊಟ್ಟರೆ ಗೆಲ್ಲುವುದು ದೊಡ್ಡ ಮೈಯವನೇ. ಹಿಡಿದವನ ಹೆಬ್ಬೆರಳು ಮತ್ತು ಬೆರಳ ತುದಿ ಸೇರುವ ಜಾಗ ಸಡಿಲ. ಮೊಣಕೈ ಮುಂದಕ್ಕೆ ತಂದು, ಒಂದು ಹೆಜ್ಜೆ ಒಳಗಿಟ್ಟು, ಆ ಸಂದಿನಿಂದ ಕೈ ಹೊರಳಿಸಿ ತೆಗೆಯಬೇಕು. ಅವಳ ಜೊತೆಗೆ ನಿಂತವನು ಬೇಕರಿಯವನು. ಎರಡು ಬಾಗಿಲಿನಷ್ಟು ಅಗಲದ ಆಳು, ಮೈಯೆಲ್ಲ ಬೆಣ್ಣೆ ಬಿಸ್ಕತ್ತಿನ ಘಮ. ಡಾಕ್ಟರು ತೂಕ ಇಳಿಸು ಅಂದದ್ದಕ್ಕೆ ಬಂದವನು. ಅವಳ ಕೈಯನ್ನು ಮೊಟ್ಟೆ ಹಿಡಿದಂತೆ ಹಿಡಿದ.

"ಸರಿಯಾಗಿ ಹಿಡೀರಿ. ನನ್ನನ್ನ ಹಿಡಿಯೋನು ಹೀಗೆ ಹಿಡಿಯಲ್ಲ."

ಅವನು ಬಿಗಿಯಾಗಿ ಹಿಡಿದ. ಕರೆಂಟಕ್ಕನ ಕಣ್ಣಿಗೆ ಮೆಟ್ಟಿಲಿನ ಕೆಳಗಿನ ಕತ್ತಲೆ ಬಂತು. ಪಾಠ ಮರೆತು ಕೊಸರಾಡಿದಳು, ಹೇಗೋ ಕೈ ಕಿತ್ತುಕೊಂಡಳು. ಅಲ್ಲಿಗೆ ನಿಲ್ಲಿಸಲಿಲ್ಲ. ಮರುವಾರ ಕಲಿಸಬೇಕಿದ್ದ, ಮುಂಚೆ ಸೇರಿದವರು ಮಾಡುವಾಗ ನೋಡಿಕೊಂಡಿದ್ದ ಪಟ್ಟು ಹಾಕಿ ಅವನ ಮಣಿಕಟ್ಟನ್ನು ತಿರುವಿದಳು. ನೋವಾದರೆ ಮ್ಯಾಟನ್ನೋ ಎದುರಿನವರ ಮೈಯನ್ನೋ ಎರಡು ಸಲ ತಟ್ಟಬೇಕು, ತಟ್ಟಿದ ತಕ್ಷಣ ಬಿಡಬೇಕು. ಆ ಹಾಲಿನಲ್ಲಿ ಮೊದಲ ದಿನ ಹೇಳಿಕೊಡುವ ನಿಯಮ ಅದು. ಬೇಕರಿಯವನು ತಟ್ಟಿದ. ಮತ್ತೆ ತಟ್ಟಿದ. ಮೂರನೆಯ ಸಲ "ಅಮ್ಮಾ" ಎಂದು ಕೂಗಿದ. ಟೀಚರ್ ಓಡಿಬಂದು ಅವಳ ಬೆರಳುಗಳನ್ನು ಬಿಡಿಸಬೇಕಾಯಿತು.

"ಹೋಗಿ ಬೆಂಚಿನ ಮೇಲೆ ಕೂತ್ಕೊಳ್ಳಿ. ಇನ್ನು ಎರಡು ವಾರ ಮ್ಯಾಟ್ ಮುಟ್ಟಬೇಡಿ."

"ಅವರು ಜೋರಾಗಿ ಹಿಡಿದ್ರು."

"ನೀವೇ ಹೇಳಿದ್ರಿ, ಹಿಡಿದ. ಕೂತ್ಕೊಳ್ಳಿ."

ಅವತ್ತು ಮನೆಗೆ ಹೋಗುವಾಗ ಅವಳಿಗೆ ಟೀಚರ್ ಮೇಲೆ ಕೋಪ, ಬೇಕರಿಯವನ ಮೇಲೆ ಕೋಪ, ಆ ಬೆಣ್ಣೆ ಬಿಸ್ಕತ್ತಿನ ವಾಸನೆಯ ಮೇಲೂ ಕೋಪ. ಎರಡು ದಿನ ಬಿಟ್ಟು, ಮೀಟರ್ ಓದುವ ದಾರಿಯಲ್ಲೇ ಬೇಕರಿ ಸಿಕ್ಕಿತು. ಒಳಗೆ ಹೋಗುವ ಮನಸ್ಸಿರಲಿಲ್ಲ, ಕಾಲು ಹೋಯಿತು. ಬೇಕರಿಯವನು ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ. ಅವನಿಗೆ ಹಿಟ್ಟು ನಾದಲಾಗದೆ, ಹೆಂಡತಿ ಒಬ್ಬಳೇ ಒಳಗೆ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಗುದ್ದಾಡುತ್ತಿದ್ದಳು.

"ತಪ್ಪಾಯ್ತು ಕಣಣ್ಣ. ಗೊತ್ತಾಗ್ಲಿಲ್ಲ ನನಗೆ."

ಬೇಕರಿಯವನು ತಲೆ ಅಲ್ಲಾಡಿಸಿದ. "ಇಲ್ಲಕ್ಕ, ಹಾಗನ್ನಬೇಡಿ. ನಾನು ತಟ್ಟಿದ್ದು ನಿಮಗೆ ಗೊತ್ತಾಯ್ತು. ನಿಮ್ಮ ಮುಖ ನನಗೆ ಕಾಣ್ತಿತ್ತು. ಗೊತ್ತಾದ ಮೇಲೂ ಬಿಡ್ಲಿಲ್ಲ ನೀವು."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. "ಬಿಡಿ ಸಾರ್" ಎಂದದ್ದು ಆ ಮನುಷ್ಯನಿಗೂ ಕೇಳಿಸಿತ್ತಲ್ಲವೇ? ಕೇಳಿಸಿದ ಮೇಲೂ ತಾನೇ ನಕ್ಕದ್ದು? ಬ್ಯಾಗು ಕೆಳಗಿಟ್ಟಳು, ಕೈ ತೊಳೆದುಕೊಂಡಳು, ಒಳಗೆ ಹೋಗಿ ಬೇಕರಿಯವನ ಹೆಂಡತಿಯ ಪಕ್ಕ ನಿಂತು ಒಂದು ಗಂಟೆ ಹಿಟ್ಟು ನಾದಿದಳು. ನಾದಿದ್ದು ಸರಿಯಾಗಲಿಲ್ಲವೆಂದು ಆಕೆ ಅದನ್ನೆಲ್ಲ ಮತ್ತೆ ನಾದಿದಳಂತೆ. ಆದರೂ ಒಳ್ಳೆ ಮಾತಾಡಿ ಕಳಿಸಿದಳು.

ಎರಡು ವಾರ ಬೆಂಚಿನ ಮೇಲೆ ಕೂತು ನೋಡಿದಳು. ಮೂರನೆಯ ವಾರ ಬೇಕರಿಯವನೇ ಬಂದು ಕೈ ಚಾಚಿದ. ಆಮೇಲೆ ಅವಳು ಎಷ್ಟು ಕೋಪದಲ್ಲಿದ್ದರೂ, ಒಂದು ಬೆರಳು ತಟ್ಟಿದರೂ ಬಿಡುವಳು. ಕೋಪ ಕಡಿಮೆಯಾಯಿತೆಂದಲ್ಲ. ಅದು ಅಷ್ಟೇ ಇತ್ತು, ಅವಳ ಅಂಕೆಗೆ ಬಂತು, ಅಷ್ಟೆ.

ಕ್ಲಾಸಿಗೆ ಸೇರಿ ಆರನೆಯ ತಿಂಗಳು. ಆಫೀಸಿನ ನಲ್ಲಿಯ ಹತ್ತಿರ ಊಟದ ಡಬ್ಬಿ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಇನ್ನೊಬ್ಬ ಮೀಟರ್ ಓದುವವಳು ನಿಂತಿದ್ದಳು. ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿ ಮೂರು ತಿಂಗಳಾಗಿತ್ತು. ಬಿಸಿಲಿನಲ್ಲೂ ತೋಳು ಮುಚ್ಚುವ ಸ್ವೆಟರ್ ಹಾಕಿದ್ದಳು. ಡಬ್ಬಿ ತೊಳೆಯಲು ತೋಳು ಮೇಲೆ ಸರಿಸಿದಾಗ ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಕಂದು ಗುರುತು.

ಕರೆಂಟಕ್ಕನಿಗೆ ಯಾರೂ ವಿವರಿಸಬೇಕಾಗಲಿಲ್ಲ. "ನಿನಗೆ ಯಾವ ಏರಿಯಾ ಕೊಟ್ಟಿದ್ದಾರೆ?"

ಬಾಣಂತಿ ತಲೆ ತಗ್ಗಿಸಿದಳು. "ನಿಮ್ಮ ಹಳೇದೇ ಅಕ್ಕ."

"ಹಸಿರು ಗೇಟು?"

ಅವಳು ಅಳತೊಡಗಿದಳು. ಡಬ್ಬಿ ನಲ್ಲಿಯ ಕೆಳಗೇ ತುಂಬಿ ಚೆಲ್ಲುತ್ತಿತ್ತು. ಸೂಪರ್‌ವೈಸರ್‌ಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಎಚ್ಚರಿಕೆ ಹೇಳದೆ ಕಳಿಸಿದ್ದ. ಮತ್ತೆ ತಾನು? ತನ್ನ ಏರಿಯಾ ಬದಲಾಯಿತೆಂದು ಸುಮ್ಮನಾದವಳು, ತನ್ನ ಜಾಗಕ್ಕೆ ಯಾರು ಹೋದರೆಂದು ಕೇಳಲೇ ಇಲ್ಲವಲ್ಲ!

ಒದ್ದೆ ಕೈಯಲ್ಲೇ ಅವಳು ಸೂಪರ್‌ವೈಸರ್ ಕೋಣೆಗೆ ನುಗ್ಗಿದಳು.

"ಆ ಮನೆಗೆ ಇವಳನ್ನ ಕಳಿಸಿದ್ದು ಯಾರು?"

"ಯಾರಾದ್ರೂ ಹೋಗ್ಲೇಬೇಕಲ್ಲಮ್ಮ. ರೀಡಿಂಗ್ ಬೇಡ್ವಾ?"

"ನೀವು ಹೋಗಿ."

"ನಾಲಿಗೆ ಬಿಗಿ ಹಿಡಿದು ಮಾತಾಡಿ."

"ನಾನು ನಾಲಿಗೆ ಹಿಡಿದಿದ್ದಕ್ಕೇ ಇವಳ ಕೈಗೆ ಗುರುತಾಗಿದ್ದು. ಆ ಮನೆ ರೀಡಿಂಗ್ ಇವಳು ಬಿಟ್ಟು ಓಡಿಬಂದಿದ್ದಾಳಲ್ಲ, ನಾಳಿದ್ದು ಬರೀಬೇಕು. ನಾವಿಬ್ಬರೂ ಹೋಗ್ತೀವಿ. ನಿಮಗೆ ತಿಳಿಸಿದ್ದೀನಿ. ಆಮೇಲೆ ಗೊತ್ತಿಲ್ಲ ಅನ್ನಬೇಡಿ." ಬೇಕೆಂದೇ ಬಾಗಿಲು ತೆರೆದಿಟ್ಟು ಮಾತಾಡಿದ್ದಳು, ಹೊರಗೆ ಕೂತಿದ್ದ ಎಂಟು ಜನರಿಗೂ ಕೇಳಿಸಿತು.

ನಾಳಿದ್ದು ಬಂತು. ಕರೆಂಟಕ್ಕ ಹಸಿರು ಗೇಟು ಅಲ್ಲಾಡಿಸಿ "ಮೀಟರ್!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದಳು. ಸಾಹೇಬರು ಬಾಗಿಲು ತೆರೆದರು. ಅವಳು ಬಾಣಂತಿಗೆ ಹೇಳಿದ್ದಿಷ್ಟೇ: "ನೀನು ಹೊಸಿಲ ಮೇಲೆ ನಿಲ್ಲು. ಏನಾದ್ರೂ ಸರಿ, ಬಾಗಿಲು ಮುಚ್ಚೋಕೆ ಬಿಡ್ಬೇಡ."

ಮೆಟ್ಟಿಲಿನ ಕೆಳಗೆ ಹೋಗಿ ಟಾರ್ಚು ಹಾಕುವಷ್ಟರಲ್ಲಿ ಸಾಹೇಬರು ಹಿಂದೆಯೇ ಬಂದರು. "ಏನು, ಈ ಸಲ ಜೋಡಿ? ಹೆದರಿಕೆನಾ?" ಎಂದು ಅವಳ ಮಣಿಕಟ್ಟಿಗೇ ಕೈ ಹಾಕಿದರು.

ಮೊಣಕೈ ಮುಂದಕ್ಕೆ, ಒಂದು ಹೆಜ್ಜೆ ಒಳಕ್ಕೆ. ಕೈ ಹೊರಬಂತು. ಅಂದವಾಗಿ ಏನೂ ಬರಲಿಲ್ಲ, ಬೆರಳಗಂಟುಗಳು ಮೀಟರ್ ಪೆಟ್ಟಿಗೆಗೆ ತರಚಿ ರಕ್ತ ಬಂತು. ಆದರೆ ಬಂತು! ಸಾಹೇಬರಿಗೆ ಅರ್ಥವಾಗಲಿಲ್ಲ, ಖಾಲಿಯಾದ ತಮ್ಮ ಅಂಗೈ ನೋಡಿಕೊಂಡರು. ಮರುಕ್ಷಣ ಮುಖ ಕಪ್ಪಗಾಗಿ, ಎರಡೂ ಕೈಯಿಂದ ಅವಳ ಎದೆಗೆ ನೂಕಿದರು.

ಕರೆಂಟಕ್ಕ ಹಿಂದಕ್ಕೆ ಬಿದ್ದಳು. ಕೆಳಗೆ ನೀಲಿ ಮ್ಯಾಟಿರಲಿಲ್ಲ, ಕಲ್ಲು ನೆಲವಿತ್ತು. ಆದರೆ ಗದ್ದ ತಾನಾಗಿ ಎದೆಗೆ ಹೋಯಿತು, ಬೆನ್ನು ತಾನಾಗಿ ಬಾಗಿತು, ತೋಳು ನೆಲಕ್ಕೆ ಫಟ್ಟನೆ ಹೊಡೆಯಿತು. ಅಂಗೈ ಉರಿಯಿತು, ತಲೆಗೆ ಏನೂ ತಾಗಲಿಲ್ಲ. ಹೊರಳಿ ಎದ್ದು ನಿಂತಳು. ಎದ್ದವಳೇ, ಹದಿನೇಳು ವರ್ಷ ಗೇಟುಗಳ ಮುಂದೆ ಕೂಗಿದ ಗಂಟಲಿನಿಂದ ಕೂಗಿದಳು.

"ಕೈ ಹಾಕ್ತೀಯೇನೋ! ಮೀಟರ್ ಓದೋಕೆ ಬಂದೋರ ಮೇಲೆ ಕೈ ಹಾಕ್ತೀಯೇನೋ!"

ಹೊಸಿಲ ಮೇಲಿದ್ದ ಬಾಣಂತಿಯೂ ಕೂಗಿದಳು. ಮೊದಲು ದನಿ ನಡುಗಿತು, ಆಮೇಲೆ ನಿಲ್ಲಿಸುವುದೇ ಕಷ್ಟವಾಯಿತು. ಎದುರು ಮನೆ, ಪಕ್ಕದ ಮನೆ, ಇಸ್ತ್ರಿ ಅಂಗಡಿ, ಎಲ್ಲ ಕಡೆಯಿಂದ ಜನ ಬಂದರು. ಸಾಹೇಬರು ಅಂಗಿ ನೇರ ಮಾಡಿಕೊಂಡರು. "ಈ ಹೆಂಗಸಿಗೆ ತಲೆ ಕೆಟ್ಟಿದೆ. ಕಾಲು ಜಾರಿ ಬಿದ್ದು ನನ್ನ ಮೇಲೆ ಹಾಕ್ತಿದ್ದಾಳೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಕಂಡು ಕರೆಂಟಕ್ಕನಿಗೆ ಇಡೀ ಬೀದಿಯನ್ನೇ ಎತ್ತಿ ಎಸೆಯಬೇಕೆನಿಸಿತು. ಆಗ ಎದುರು ಮನೆಯ ವಯಸ್ಸಾದ ಹೆಂಗಸು, ಕೈಯಲ್ಲಿದ್ದ ಮೊರವನ್ನು ಕೆಳಗಿಡದೆಯೇ, "ನಮ್ಮನೆ ಕೆಲಸದವಳೂ ಇದನ್ನೇ ಹೇಳಿದ್ಲು" ಎಂದಳು. "ಇವರ ಮನೆ ಕೆಲಸ ಬಿಟ್ಟಿದ್ದೇ ಅದಕ್ಕೆ. ನಾನೇ ನಂಬ್ಲಿಲ್ಲ." ಇಸ್ತ್ರಿ ಅಂಗಡಿಯವನು ನೆಲ ನೋಡಿಕೊಂಡು, ತನ್ನ ಹೆಂಡತಿ ಆ ಮನೆಗೆ ಬಟ್ಟೆ ಕೊಡಲು ಹೋಗುವುದಿಲ್ಲವೆಂದು ಹೇಳಿದ. ಅವನಿಗೂ ಗೊತ್ತಿತ್ತು. ಎಲ್ಲರಿಗೂ ಚೂರುಚೂರು ಗೊತ್ತಿತ್ತು.

ಕರೆಂಟಕ್ಕ ಅವರನ್ನೆಲ್ಲ ಹೊಸಿಲ ಹತ್ತಿರ ನಿಲ್ಲಿಸಿ, ಮತ್ತೆ ಒಳಗೆ ಹೋಗಿ, ಮೆಟ್ಟಿಲಿನ ಕೆಳಗೆ ಬಗ್ಗಿ ಅಂಕಿ ಓದಿದಳು. ಮಷೀನಿನಿಂದ ಚೀಟಿ ಹರಿದು ಸಾಹೇಬರ ಕೈಗೇ ಕೊಟ್ಟಳು. ಚೀಟಿಯ ಅಂಚಿಗೆ ಅವಳ ಬೆರಳಿನ ರಕ್ತ ಹತ್ತಿತ್ತು. ಅಲ್ಲಿಂದ ನೇರ ಪೊಲೀಸ್ ಠಾಣೆಗೆ.

ಸಂಜೆ ಟೀಚರ್ ಎಲ್ಲ ಕೇಳಿಸಿಕೊಂಡು ಕೆಂಡವಾದಳು. "ಬಿಡಿಸ್ಕೊಂಡ ಮೇಲೆ ಓಡಬೇಕು ಅಂತ ತಾನೇ ನಾನು ಕಲಿಸಿದ್ದು? ಬಾಗಿಲು ತೆರೆದಿತ್ತು. ಮತ್ತೆ ಒಳಗೆ ಯಾಕೆ ಹೋದ್ರಿ?"

"ರೀಡಿಂಗ್ ಬರ್ಕೊಂಡಿರ್ಲಿಲ್ಲವಲ್ಲ ಟೀಚರ್."

ಬೇಕರಿಯವನು ನಕ್ಕು ನಕ್ಕು ಮ್ಯಾಟಿನ ಮೇಲೆ ಕೂತುಬಿಟ್ಟ. ಟೀಚರ್ ಮಾತ್ರ ನಗಲಿಲ್ಲ, ಅಯೋಡಿನ್ ತಂದು ಅವಳ ಬೆರಳಿಗೆ ಹಚ್ಚಿದಳು.

ಗಂಡ ಆ ರಕ್ತದ ಬೆರಳು ನೋಡಿದ. ಮರುದಿನ ಅಂಗಡಿಗೆ ರಜೆ ಹಾಕಿ ಅವಳ ಜೊತೆ ಠಾಣೆಗೆ ಬಂದ. ಬೆಂಚಿನ ಮೇಲೆ ಕೂತಿದ್ದಾಗ, "ನಾನು ಅವತ್ತು ಹಾಗೆ ಅನ್ನಬಾರದಿತ್ತು" ಎಂದ. "ಹೌದು, ಅನ್ನಬಾರದಿತ್ತು" ಎಂದಳು ಅವಳು.

ಸಾಹೇಬರು ದೊಡ್ಡ ವಕೀಲರನ್ನು ಹಿಡಿದರು. ಕೇಸು ಇನ್ನೂ ನಡೆಯುತ್ತಿದೆ, ತಾರೀಕಿನ ಮೇಲೆ ತಾರೀಕು. ಸೂಪರ್‌ವೈಸರ್ ಅದೇ ಕುರ್ಚಿಯಲ್ಲಿದ್ದಾನೆ, ಅವಳು ಬಂದರೆ ಕಾಗದದಲ್ಲಿ ಮುಖ ಹುದುಗಿಸುತ್ತಾನೆ. ಆದರೆ ಹಸಿರು ಗೇಟಿನ ಮನೆಯ ಮೀಟರನ್ನು ಐದು ವಾರದೊಳಗೆ ಆಫೀಸಿನವರು ಹೊರಗಿನ ಕಾಂಪೌಂಡ್ ಗೋಡೆಗೆ ತಂದು ಹಾಕಿಸಿದರು. ಅದು ಆದ ಮೇಲೆ ಕರೆಂಟಕ್ಕನೂ ಬಾಣಂತಿಯೂ ಸೇರಿ ಮೀಟರ್ ಓದುವ ಹೆಂಗಸರನ್ನೆಲ್ಲ ಕೂರಿಸಿಕೊಂಡು ಒಂದು ಪಟ್ಟಿ ಮಾಡಿದರು: ಮೀಟರ್ ಒಳಗಿರುವ, ಹೆಂಗಸರು ಒಬ್ಬರೇ ಹೋಗಲು ಅಂಜುವ ಮನೆಗಳು. ಹೆಚ್ಚೆಂದರೆ ಹತ್ತು ಇರಬಹುದು ಅಂದುಕೊಂಡಿದ್ದರು. ಮೂವತ್ತೊಂದಾದವು. ಹೇಳುತ್ತ ಹೇಳುತ್ತ ಒಬ್ಬೊಬ್ಬರ ದನಿಯೂ ಏರಿತು. ಇಷ್ಟು ವರ್ಷ ಪ್ರತಿಯೊಬ್ಬಳೂ ತನಗೊಬ್ಬಳಿಗೇ ಹೀಗೆ ಅಂದುಕೊಂಡಿದ್ದಳು.

ಇದುವರೆಗೆ ಹತ್ತೊಂಬತ್ತು ಮನೆಯ ಮೀಟರುಗಳು ಹೊರಗೆ ಬಂದಿವೆ. ಉಳಿದವುಗಳಿಗಾಗಿ ಕರೆಂಟಕ್ಕ ಪ್ರತಿ ಸೋಮವಾರ ಹಿರಿಯ ಎಂಜಿನಿಯರರ ಕೋಣೆಗೆ ಹೋಗುತ್ತಾಳೆ. ಹೋದ ವಾರ ಅವರು ಕಡತ ಮುಚ್ಚಿ, "ಮುಂದಿನ ತಿಂಗಳು ನೋಡೋಣಮ್ಮ" ಎಂದರು.

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಇನ್ನೂ ಹನ್ನೆರಡು ಮನೆ ಇದೆ ಸಾರ್. ಯಾವ ತಾರೀಕು ಅಂತ ಬರೆದುಕೊಡಿ, ಆಮೇಲೆ ಏಳ್ತೀನಿ."